ಪದಚರ್ಚೆ: ‘ಲೇಟೆನ್ಸಿ’ಗೆ ಸುಪ್ತತೆ ಬೇಡ, ‘ಮಾನಿಟರಿಂಗ್’ಗೆ ಕಣ್ಗಾವಲೂ ಬೇಡ

> ನಾಳೆ ಮಧ್ಯಾಹ್ನದೊಳಗೆ ಫಲಕ ಬರೆಯುವವರಿಗೆ ಕೊಡಬೇಕು. ಬಾಗಿಲಿಗೆ ‘ಬ್ಯಾಕ್‌ಬೋನ್ ನೆಟ್‌ವರ್ಕ್ ಪರ್ಫಾರ್ಮೆನ್ಸ್ ಮಾನಿಟರಿಂಗ್’, ಗೋಡೆಯ ಪರದೆಗೆ ‘ಲೇಟೆನ್ಸಿ, ಜಿಟರ್, ಪ್ಯಾಕೆಟ್ ಲಾಸ್’. ಕನ್ನಡದಲ್ಲಿ ಏನೆನ್ನಬೇಕು?

ಗಡುವು ಇರುವುದು ಫಲಕಕ್ಕೆ, ಅದನ್ನೇ ಮೊದಲು ಹೇಳುತ್ತೇನೆ: ‘ಬೆನ್ನೆಲುಬು ಜಾಲ: ಅಳತೆ ಮತ್ತು ನಿಗಾ’. ಬೆನ್ನೆಲುಬು ಜಾಲ ಎಂದರೆ ಊರೂರಿನ ಜಾಲಗಳನ್ನು ಜೋಡಿಸುವ ಮುಖ್ಯ ಜಾಲ. ‘ಪರ್ಫಾರ್ಮೆನ್ಸ್’ಗೆ ಬಾಗಿಲ ಮೇಲೆ ಬೇರೆ ಪದ ಬೇಕಿಲ್ಲ. ‘ನಿರ್ವಹಣೆ’ ಎಂದು ಬರೆದರೆ ಇದು ರಿಪೇರಿ ವಿಭಾಗ ಎಂದುಕೊಂಡು ಜನ ಬಾಗಿಲು ತಟ್ಟುತ್ತಾರೆ. ‘ಕಾರ್ಯಕ್ಷಮತೆ’ ವರದಿಯ ಒಳಪುಟಗಳಲ್ಲಿರಲಿ.

> ನಿಗಾ ಪಾರಸಿ. ಕಣ್ಗಾವಲು ಅಚ್ಚಗನ್ನಡ. ಚರ್ಚೆ ಮುಗಿಯಿತು.

ಮುಗಿದಿಲ್ಲ. ಕಣ್ಗಾವಲು ಚೆಲುವಾದ ಪದ, ಒಪ್ಪಿದೆ. ಆದರೆ ಅದು ಇಂದು ಕ್ಯಾಮೆರಾ ಹಾಕಿ ಜನರನ್ನು ಗಮನಿಸುವುದಕ್ಕೆ ಅಂಟಿಕೊಂಡಿದೆ. ಈ ಕೊಠಡಿಯಲ್ಲಿ ನಡೆಯುವುದೇನು? ಪರೀಕ್ಷೆಯ ಪ್ಯಾಕೆಟ್ (ದತ್ತಾಂಶದ ಸಣ್ಣ ತುಣುಕು) ಕಳುಹಿಸಿ ಅದು ಮರಳಲು ಎಷ್ಟು ಸಮಯ ಹಿಡಿಯಿತೆಂದು ನೋಡುತ್ತಾರೆ, ತಂತಿಯಲ್ಲಿ ಹಾದುಹೋದ ಬೈಟುಗಳನ್ನು ಎಣಿಸುತ್ತಾರೆ. ಯಾರ ಪತ್ರವನ್ನೂ ಒಡೆದು ಓದುವುದಿಲ್ಲ. ಬಾಗಿಲ ಮೇಲೆ ‘ಕಣ್ಗಾವಲು’ ಎಂದಿದ್ದರೆ ಓದುತ್ತಾರೆಂದೇ ಅರ್ಥವಾಗುತ್ತದೆ. ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ದಲ್ಲಿ ಎರಡು ಸಂಸ್ಕೃತ ಪದಗಳ ನಡುವೆ ಆ ಪಾರಸಿ ಪದ ಕುಳಿತಿದೆ. ಹೊರಗೆ ಬೆಂಚಿನ ಮೇಲೆ ಕಾಯುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದ ನಮ್ಮದಾಗುವುದು ಹಾಗೆ.

ಇನ್ನು ‘ಲೇಟೆನ್ಸಿ’ಗೆ, ಅಂದರೆ ಪ್ಯಾಕೆಟ್ ತಲುಪಲು ಹಿಡಿಯುವ ಸಮಯಕ್ಕೆ, ‘ಸುಪ್ತತೆ’. ಇದನ್ನು ಸೂಚಿಸಿದವರು ಲ್ಯಾಟಿನ್ ಧಾತುವಿನವರೆಗೆ ಹೋಗಿದ್ದಾರೆ: ಅಡಗಿರುವುದು, ಆದ್ದರಿಂದ ಸುಪ್ತ. ಶಾಖದ ವಿಷಯದಲ್ಲಿ ಆ ದಾರಿ ಸರಿ. ಗುಪ್ತೋಷ್ಣ (‘ಲೇಟೆಂಟ್ ಹೀಟ್’) ನಿಜಕ್ಕೂ ಅಡಗಿದ ಉಷ್ಣ. ಇಲ್ಲಿ ಅಡಗಿದ್ದೂ ಇಲ್ಲ, ಮಲಗಿದ್ದೂ ಇಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ದೆಹಲಿಗೆ ನೇರ ಗೆರೆ ಎಳೆದರೆ ಸುಮಾರು 1,700 ಕಿ.ಮೀ.; ಹೋಗಿಬರಲು 17 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಸುತ್ತುದಾರಿ ಹಿಡಿದಷ್ಟೂ, ರೌಟರಿನಲ್ಲಿ ಸರದಿ ಕಾದಷ್ಟೂ ಅದು ಬೆಳೆಯುತ್ತದೆ. ಹೀಗೆ ಓಡುತ್ತಿರುವುದನ್ನು ಸುಪ್ತ ಎಂದರೆ ಇಂಗ್ಲಿಷ್ ಪದದ ಬೇರನ್ನು ಅನುವಾದಿಸಿದ ಹಾಗಾಯಿತು, ಅಳೆಯುವ ವಸ್ತು ಕೈತಪ್ಪಿತು. ‘ವಿಳಂಬ’ವೂ ನನಗೆ ಒಗ್ಗುವುದಿಲ್ಲ. ರೈಲು ವಿಳಂಬ ಎಂದರೆ ವೇಳಾಪಟ್ಟಿಗಿಂತ ತಡ, ಅಂದರೆ ಎಲ್ಲೋ ಲೋಪವಿದೆ. ಈ 17 ಮಿಲಿಸೆಕೆಂಡ್ ಯಾರ ಲೋಪವೂ ಅಲ್ಲ.

ಪರದೆಯ ಅಂಕಿ ಪಿಂಗ್‌ನಿಂದ, ಅಂದರೆ ಪ್ಯಾಕೆಟ್ ಕಳುಹಿಸಿ ಮರುತ್ತರಕ್ಕೆ ಕಾಯುವ ಪರೀಕ್ಷೆಯಿಂದ, ಬರುತ್ತಿದ್ದರೆ ‘ಹೋಗಿಬರುವ ಸಮಯ’ ಎಂದು ಬರೆಯಿರಿ. ಎರಡೂ ತುದಿಯ ಗಡಿಯಾರಗಳನ್ನು ಹೊಂದಿಸಿ ಒಂದೇ ದಿಕ್ಕಿನದನ್ನು ಅಳೆಯುತ್ತಿದ್ದರೆ ‘ತಲುಪುವ ಸಮಯ’. ‘ಲೇಟೆನ್ಸಿ’ ಎಂಬ ಒಂದೇ ಪದ ಮುಚ್ಚಿಡುವ ವ್ಯತ್ಯಾಸವನ್ನು ಕನ್ನಡ ಇಲ್ಲಿ ತೆರೆದು ತೋರಿಸುತ್ತದೆ. ‘ಹೊತ್ತು’ ನನಗೂ ಇಷ್ಟ, ಆದರೆ ಅದರಲ್ಲಿ ಬೆಳಗು, ಸಂಜೆ, ಊಟ ತುಂಬಿಕೊಂಡಿವೆ. ಮಿಲಿಸೆಕೆಂಡಿನ ಪಕ್ಕ ಅದು ಕೂರುವುದಿಲ್ಲ.

‘ಜಿಟರ್’ಗೆ ‘ನಡುಕ’ ಬೇಡ. ಪರದೆಯ ಮೇಲೆ 38, 39, 38, 71, 38 ಮಿಲಿಸೆಕೆಂಡ್ ಎಂದು ಅಂಕಿಗಳು ಬರುವಾಗ ನಡುಗುತ್ತಿರುವುದು ಏನೂ ಇಲ್ಲ. ಒಂದು ಪ್ಯಾಕೆಟ್ ತನ್ನ ಜೊತೆಯವರಿಗಿಂತ ಹೆಚ್ಚು ಸಮಯ ತೆಗೆದುಕೊಂಡಿದೆ, ಅಷ್ಟೇ. ಇಂಟರ್‌ನೆಟ್‌ನ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2002ರಲ್ಲಿ ಹೊರತಂದ ಆರ್‌ಎಫ್‌ಸಿ 3393 ಎಂಬ ದಾಖಲೆ ಕೂಡ ‘ಜಿಟರ್’ ಪದವನ್ನು ಬೇರೆ ಬೇರೆ ಗುಂಪಿನವರು ಬೇರೆ ಬೇರೆ ಅರ್ಥದಲ್ಲಿ ಬಳಸಿ ಗೊಂದಲವಾಗುತ್ತದೆಂದು ಸ್ಪಷ್ಟವಾಗಿ ಹೇಳುತ್ತದೆ. ಇಂಗ್ಲಿಷ್ ಬಲ್ಲ ಎಂಜಿನಿಯರುಗಳೇ ಅನುಮಾನಿಸಿದ ರೂಪಕವನ್ನು ನಾವೇಕೆ ಹೊರಬೇಕು? ‘ಸಮಯದ ಏರುಪೇರು’ ಸಾಕು.

‘ಪ್ಯಾಕೆಟ್ ಲಾಸ್’ಗೆ ‘ಪೊಟ್ಟಣ ಸೋರಿಕೆ’ ಎಂದವರಿಗೆ: ಸೋರಿಕೆ ಎಂದರೆ ಮಾಹಿತಿ ಪರರ ಕೈಸೇರಿತು ಎಂದು ಪತ್ರಿಕೆ ಓದುವ ಯಾರಾದರೂ ಹೇಳುತ್ತಾರೆ. ಇಲ್ಲಿ ಸಾಮಾನ್ಯವಾಗಿ ರೌಟರಿನ ಸರದಿ ತುಂಬಿ, ಹೊಸದಾಗಿ ಬಂದದ್ದನ್ನು ಅದು ಬಿಟ್ಟುಬಿಟ್ಟಿರುತ್ತದೆ. ‘ಪ್ಯಾಕೆಟ್ ನಷ್ಟ’ ಎನ್ನಿ. ಹಾಲಿನ ಪ್ಯಾಕೆಟ್ ಬಾಗಿಲಿಗೆ ಬರತೊಡಗಿ ದಶಕಗಳಾದವು, ಅದನ್ನು ಪೊಟ್ಟಣ ಮಾಡಲು ಈಗ ಹೊರಡುವುದು ಬೇಡ.

ಫಲಕವನ್ನು ಹೀಗೇ ಕೊಟ್ಟುಬಿಡಿ. ಪರದೆಗೆ ಮಾತ್ರ, ಆ ಅಂಕಿ ಒಂದು ದಿಕ್ಕಿನದೋ ಹೋಗಿಬರುವುದೋ ಎಂದು ಯಂತ್ರ ನೋಡಿಕೊಳ್ಳುವವರನ್ನು ಕೇಳಿ ಬರೆಯಿರಿ.