ಸಹಾಯ ಬೇಕು: ಜರ್ಮನಿಯಲ್ಲಿ ಕಾರ್ ಸ್ಟಾರ್ಟ್ ಆಗ್ತಿಲ್ಲ

ನಮಸ್ಕಾರ. ನಾನು ಹುಬ್ಬಳ್ಳಿ ವಿದ್ಯಾನಗರದವನು, ಈಗ ಮ್ಯೂನಿಕ್‌ನಲ್ಲಿದ್ದೇನೆ. ನಮ್ಮ ಹುಬ್ಬಳ್ಳಿ-ಧಾರವಾಡದವರು ಇಲ್ಲಿ ಇದ್ದು ಹೋದವರು ಈ ಗುಂಪಿನಲ್ಲಿ ಇರಬಹುದು ಅಂತ ಕೇಳುತ್ತಿದ್ದೇನೆ.

ಹಳೇ ಕಾರ್ ಕೊಂಡಿದ್ದೇನೆ, ಆಟೋಮ್ಯಾಟಿಕ್. ಚಳಿ ಮೈನಸ್‌ಗೆ ಇಳಿದ ದಿನದಿಂದ ಬೆಳಿಗ್ಗೆ ಬರೀ ಟಕ್ ಟಕ್ ಸದ್ದು. ಬ್ಯಾಟರಿ ಅಳೆದರೆ 11.9 ವೋಲ್ಟ್. ಪೂರ್ತಿ ಚಾರ್ಜ್ ಇದ್ದರೆ 12.6 ಹತ್ತಿರ ಇರಬೇಕು. ಆಫೀಸು ನಾಲ್ಕೇ ಕಿಲೋಮೀಟರ್, ಅಷ್ಟರಲ್ಲಿ ಚಾರ್ಜ್ ಆಗೋದೇ ಇಲ್ಲ ಅನ್ಸುತ್ತೆ.

ಅಪ್ಪನಿಗೆ ಫೋನ್ ಮಾಡಿದೆ. "ನಾಲ್ಕು ಮಂದಿ ಕರಿ, ನೂಕಿಸು" ಅಂದರು! ಧಾರವಾಡದ ಇಳಿಜಾರಿನಲ್ಲಿ ಅವರ ಹಳೇ ಗಾಡಿಗೆ ಅದು ನಡೀತಿತ್ತು. ಆಟೋಮ್ಯಾಟಿಕ್ ಗಾಡಿಗೆ ನಡೆಯಲ್ಲ. ಗೋಕುಲ ರೋಡಿನ ಗ್ಯಾರೇಜ್ ಹುಡುಗ ಇದ್ದಿದ್ದರೆ ಚಹಾ ಕುಡಿಯೋದ್ರಲ್ಲಿ ಮುಗಿಸುತ್ತಿದ್ದ. ಇಲ್ಲಿ ಗ್ಯಾರೇಜಿನವರು ಹತ್ತು ದಿನ ಬಿಟ್ಟು ಬನ್ನಿ ಅಂದಿದ್ದಾರೆ.

ನಿನ್ನೆ ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಟ್ಟೆವು. ಕಪ್ಪು ಕೇಬಲ್‌ನ ಕೊನೇ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ಎಂಜಿನ್‌ನ ಲೋಹಕ್ಕೆ ಹಾಕಿದೆವು, ಕಿಡಿ ಹಾರಿದರೆ ಅಪಾಯ ಅಲ್ವಾ. ಸ್ಟಾರ್ಟ್ ಆಯ್ತು. ಇವತ್ತು ಮತ್ತೆ ಅದೇ ಗೋಳು.

ನನ್ನದು ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ತಾನೇ ಆಫ್ ಆಗೋದು) ಇರೋ ಗಾಡಿ, ಒಳಗಿರೋದು ಅಂಥ ಗಾಡಿಗೆ ಹಾಕೋ ಎಜಿಎಂ ಅನ್ನೋ ಬಗೆಯ ಬ್ಯಾಟರಿ. ಹೊಸದನ್ನು ನಾನೇ ಹಾಕಿದರೆ ಕಾರಿನ ಕಂಪ್ಯೂಟರ್‌ಗೆ ತಿಳಿಸಲೇಬೇಕಾ? ಯಾರಾದರೂ ಸ್ವತಃ ಮಾಡಿದ್ದೀರಾ? ಎಡಿಎಸಿ (ಗಾಡಿ ಕೆಟ್ಟರೆ ನೆರವಿಗೆ ಬರೋ ಇಲ್ಲಿನ ವಾಹನ ಸಂಘ) ಸದಸ್ಯರಾಗಿ, ಅವರು ಮನೆ ಬಾಗಿಲಿಗೇ ಬಂದು ಬ್ಯಾಟರಿ ಬದಲಾಯಿಸಿದ ಅನುಭವ ಯಾರಿಗಾದರೂ ಇದ್ದರೆ ಖರ್ಚು ಎಷ್ಟಾಯ್ತು ಹೇಳಿ. ನನ್ನ ಜರ್ಮನ್ ಇನ್ನೂ ತರಕಾರಿ ಕೊಳ್ಳುವಷ್ಟೇ ಇದೆ, ಫೋನಿನಲ್ಲಿ ಏನು ಹೇಳಬೇಕು ಅಂತಲೂ ಬರೆದರೆ ಉಪಕಾರ. ಸೋಮವಾರದೊಳಗೆ ಗಾಡಿ ಬೇಕು.