ಬ್ರಿಜ್ ಆಟದಲ್ಲಿ 6 ಸ್ಪೇಡ್ ಆಡಬೇಕೋ, 6 ನೋಟ್ರಂಪ್ (ತುರುಪಿಲ್ಲದ ಆಟ) ಆಡಬೇಕೋ?

ಡಮ್ಮಿಕೈ:
ಬೋರ್ಡ್ 11, ಡೀಲರ್ ದಕ್ಷಿಣ, ಯಾರೂ ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚುವ ಸ್ಥಿತಿ) ಅಲ್ಲ. ಮ್ಯಾಚ್‌ಪಾಯಿಂಟ್ ಲೆಕ್ಕ (ಇದೇ ಎಲೆ ಆಡಿದ ಬೇರೆ ಟೇಬಲ್‌ಗಿಂತ 10 ಅಂಕ ಮುಂದಿದ್ದರೂ ಅದನ್ನು ಪೂರ್ತಿ ಸೋಲಿಸಿದಂತೆ).

ಉತ್ತರದ ಕೈ: ಸ್ಪೇಡ್ ರಾಜ-10-7-3, ಹಾರ್ಟ್ ಎಕ್ಕ-6-2, ಡೈಮಂಡ್ ರಾಜ-ಗುಲಾಮ-4, ಕ್ಲಬ್ ಎಕ್ಕ-8-5.
ದಕ್ಷಿಣದ ಕೈ: ಸ್ಪೇಡ್ ಎಕ್ಕ-ರಾಣಿ-ಗುಲಾಮ-9-5, ಹಾರ್ಟ್ ರಾಜ-8, ಡೈಮಂಡ್ ಎಕ್ಕ-10-3, ಕ್ಲಬ್ ರಾಜ-7-4.

ಬಿಡ್ಡಿಂಗ್: 1 ನೋಟ್ರಂಪ್ (ದೊಡ್ಡ ಎಲೆಗಳ ಅಂಕ 15-17), 4 ನೋಟ್ರಂಪ್ (ಅಂಕ ಹೆಚ್ಚಿದ್ದರೆ 6ಕ್ಕೆ ಹೋಗಿ ಎಂಬ ಆಹ್ವಾನ), 6 ನೋಟ್ರಂಪ್. ಪಶ್ಚಿಮ ಇಳಿಸಿದ್ದು ಹಾರ್ಟ್ ರಾಣಿ. 6 ಎಂದರೆ 13 ಟ್ರಿಕ್‌ನಲ್ಲಿ (ಸುತ್ತಿನಲ್ಲಿ) 12 ಗೆಲ್ಲಬೇಕು, ಖಚಿತ ಟ್ರಿಕ್ 11 ಇವೆ. 12ನೆಯದಕ್ಕೆ ಡೈಮಂಡ್ ರಾಣಿ ಯಾರ ಹತ್ತಿರ ಅಂತ ಊಹಿಸಬೇಕು. 6 ಸ್ಪೇಡ್ ಆಡಿದರೂ ಅದೇ ಊಹೆ ತಾನೇ?

ತುರುಪಿನೆಕ್ಕ:
ಅಲ್ಲ. ಸ್ಪೇಡ್‌ನಲ್ಲಿ ಆ ರಾಣಿಯನ್ನು ನೀವು ಹುಡುಕುವುದೇ ಬೇಡ, ಎದುರಾಳಿಯೇ ತಂದುಕೊಡುತ್ತಾನೆ.

ಹಾರ್ಟ್ ರಾಜನಿಂದ ಗೆದ್ದು ತುರುಪು ಎಳೆಯಿರಿ. ಎದುರಾಳಿಗಳ ನಾಲ್ಕು ತುರುಪು 3-1 ಹಂಚಿದ್ದರೆ ಮೂರು ಸುತ್ತು, ಅಷ್ಟಕ್ಕೇ ನಿಲ್ಲಿಸಿ. ಹಾರ್ಟ್ ಎಕ್ಕಕ್ಕೆ ಹೋಗಿ, ಮೂರನೇ ಹಾರ್ಟನ್ನು ಕೈಯಲ್ಲಿ (ದಕ್ಷಿಣದಲ್ಲಿ) ತುರುಪು ಹೊಡೆಯಿರಿ. ಆಮೇಲೆ ಕ್ಲಬ್ ರಾಜ, ಎಕ್ಕ, ಮೂರನೇ ಕ್ಲಬ್ ಎದುರಾಳಿಗೆ. ಈಗ ಎರಡೂ ಕೈಯಲ್ಲಿ ಒಂದೊಂದು ತುರುಪು, ಮೂರು ಮೂರು ಡೈಮಂಡ್ ಮಾತ್ರ. ಗೆದ್ದವನು ಡೈಮಂಡ್ ಇಳಿಸಿದರೆ ಅವನ ನಂತರ ಆಡುವ ನಿಮ್ಮ ಕೈಯಿಂದ ಸಣ್ಣದು ಹಾಕಿ, ರಾಣಿಯೇ ಬಂದರೆ ಎಕ್ಕ ಅಥವಾ ರಾಜನಿಂದ ಹಿಡಿಯಿರಿ. ಮೂರೂ ಟ್ರಿಕ್ ನಿಮ್ಮವೇ. ಹಾರ್ಟ್ ಅಥವಾ ಕ್ಲಬ್ ಇಳಿಸಿದರೆ ಡಮ್ಮಿಯಲ್ಲಿ (ಮೇಜಿನ ಮೇಲೆ ತೆರೆದಿಟ್ಟ ಉತ್ತರದ ಕೈಯಲ್ಲಿ) ತುರುಪು ಹೊಡೆದು, ಕೈಯಿಂದ ಡೈಮಂಡ್ 3 ಎಸೆಯಿರಿ. ಎಕ್ಕ, ರಾಜ ಆಡಿ ಮೂರನೆಯದಕ್ಕೆ ಉಳಿದ ತುರುಪು.

ಕೆಡುವುದು ಎರಡು ಕಡೆ. ಡಮ್ಮಿಯಲ್ಲಿ ಹಾರ್ಟ್ 6 ಬಿಟ್ಟುಕೊಂಡರೆ ಎದುರಾಳಿ ಹಾರ್ಟ್ ಇಳಿಸಿ ಪಾರಾಗುತ್ತಾನೆ, ನಿಮಗೆ ಎಸೆಯಲು ಅವಕಾಶವಿಲ್ಲ. ಸುಮ್ಮನೆ ನಾಲ್ಕನೇ ಸುತ್ತು ತುರುಪು ಎಳೆದರೆ ಡಮ್ಮಿ ಬರಿದು. ಇದು ಎರಡನೆಯದು, ಹೆಚ್ಚು ಜನ ಬೀಳುವುದೂ ಇಲ್ಲೇ.

ತುರುಪು 4-0 ಆಗುವುದು ಶೇ. 9.6. ಆಗ ಮಾತ್ರ ಮತ್ತೆ ಊಹೆಗೇ ಬರಬೇಕಾಗಬಹುದು.

ಎಲೆಲೆಕ್ಕ:
ಆಟ ಒಪ್ಪಿದೆ. ಬಿಡ್ಡಿಂಗ್ ಹೀಗೆ ಹೋಗಲಿ: 1 ಸ್ಪೇಡ್, 2 ನೋಟ್ರಂಪ್ (ಜಾಕೋಬಿ: ನಾಲ್ಕೆಲೆ ಬೆಂಬಲ, ಗೇಮ್ ಫೋರ್ಸಿಂಗ್, ಅಂದರೆ ಗೇಮ್ ಬೋನಸ್ ಮಟ್ಟದವರೆಗೆ ನಿಲ್ಲುವಂತಿಲ್ಲ), 3 ನೋಟ್ರಂಪ್ (15-17, ಸಿಂಗಲ್‌ಟನ್, ಅಂದರೆ ಒಂಟಿ ಎಲೆಯ ಬಣ್ಣ, ಇಲ್ಲ), 4 ನೋಟ್ರಂಪ್ (ಇಲ್ಲಿ ಕೀ ಕಾರ್ಡ್, ಅಂದರೆ ನಾಲ್ಕು ಎಕ್ಕ ಮತ್ತು ತುರುಪಿನ ರಾಜ, ಎಷ್ಟಿವೆ ಎಂಬ ಪ್ರಶ್ನೆ), 5 ಸ್ಪೇಡ್ (ಎರಡು ಕೀ ಕಾರ್ಡ್, ಜೊತೆಗೆ ತುರುಪಿನ ರಾಣಿ), 6 ಸ್ಪೇಡ್. 1 ನೋಟ್ರಂಪ್ ತೆರೆದರೂ ತಪ್ಪೇನಿಲ್ಲ. 4-3-3-3 ಕೈಯಲ್ಲಿ ಸ್ಟೇಮನ್ (2 ಕ್ಲಬ್: ನಾಲ್ಕೆಲೆ ಸ್ಪೇಡ್ ಅಥವಾ ಹಾರ್ಟ್ ಇದೆಯೇ ಎಂಬ ಪ್ರಶ್ನೆ) ಕೇಳದಿರುವುದೇ ಇಲ್ಲಿ ಮುಳುವು. 2 ಸ್ಪೇಡ್ ಬಂದ ಮೇಲೆ 3 ಹಾರ್ಟ್ ಎಂದರೆ ಸ್ಪೇಡ್‌ಗೆ ಸ್ಲ್ಯಾಮ್ (12 ಅಥವಾ 13 ಟ್ರಿಕ್) ಆಸಕ್ತಿ ಅಂತ ಜೊತೆಗಾರರು ಮೊದಲೇ ಮಾತಾಡಿಕೊಂಡಿರಬೇಕು.

ಡಮ್ಮಿಕೈ:
6 ನೋಟ್ರಂಪ್ ಆದರೆ 990, 6 ಸ್ಪೇಡ್ 980. ಮ್ಯಾಚ್‌ಪಾಯಿಂಟ್‌ನಲ್ಲಿ ಆ 10ಕ್ಕೆ ಬೆಲೆ ಇಲ್ಲವೇ?

ಎಲೆಲೆಕ್ಕ:
ಇದೆ. ಎಲ್ಲ ಟೇಬಲ್‌ನಲ್ಲೂ 6 ಸ್ಪೇಡ್ ಆಡಿ ಗೆಲ್ಲುತ್ತಾರೆಂದರೆ 6 ನೋಟ್ರಂಪ್‌ನಲ್ಲಿ ನಿಮ್ಮದು ಅರ್ಧ ಸಲ ಟಾಪ್ (ಪೂರ್ತಿ ಅಂಕ), ಅರ್ಧ ಸಲ ಸೊನ್ನೆ: ಸರಾಸರಿಗೇ ಬಂತು. ಆದರೆ ಯಾರೋ 4 ಸ್ಪೇಡ್‌ಗೇ ನಿಂತು 480 ಬರೆಸಿರುತ್ತಾರೆ. 6 ಸ್ಪೇಡ್ ಗೆದ್ದರೆ ಅವರು ನಿಮ್ಮ ಕೆಳಗೆ. 6 ನೋಟ್ರಂಪ್ ಡೌನ್ ಆದರೆ ಅವರಿಗೂ ಸೋತಿರಿ. ನನ್ನ ಮತ ಸ್ಪೇಡ್‌ಗೇ. ಐಎಂಪಿ (ಅಂಕದ ಅಂತರ ದೊಡ್ಡದಾದಷ್ಟೂ ಬೆಲೆ ಹೆಚ್ಚುವ ಲೆಕ್ಕ) ಆಟದಲ್ಲಂತೂ ಪ್ರಶ್ನೆಯೇ ಇಲ್ಲ.

ತುರುಪಿನೆಕ್ಕ:
ಆಗಲೇ 6 ನೋಟ್ರಂಪ್‌ನಲ್ಲಿ ಸಿಕ್ಕಿಕೊಂಡಿದ್ದರೆ ಮೊದಲೇ ಒಂದು ಸಣ್ಣ ಕ್ಲಬ್ ಬಿಟ್ಟುಕೊಡಿ. ಹೇಗೂ ಹೋಗುವ ಟ್ರಿಕ್ ಅದು. ನಂತರ ಸ್ಪೇಡ್, ಹಾರ್ಟ್, ಕ್ಲಬ್ ಎಲ್ಲ ಆಡಿ ಯಾರು ಎಷ್ಟು ಎಲೆ ಹಾಕಿದರೆಂದು ಎಣಿಸಿ. ಹೆಚ್ಚು ಡೈಮಂಡ್ ಹಿಡಿದು ಬಂದವನ ಹತ್ತಿರವೇ ರಾಣಿ ಇರುವ ಸಂಭವ ಜಾಸ್ತಿ.