ಸಹಾಯ ಬೇಕು: ಅಪ್ಪ ಹಾಡುತ್ತಾರೆ, ಮಾತು ಬರುತ್ತಿಲ್ಲ

ನಾಲ್ಕು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಅಪ್ಪನ ಮೆದುಳಿನ ಎಡಭಾಗಕ್ಕೆ ಪೆಟ್ಟಾಯಿತು. ನಾವು ಹೇಳೋದು ಅರ್ಥವಾಗುತ್ತದೆ, ಆದರೆ 'ನೀರು' ಅನ್ನಲೂ ಒದ್ದಾಡುತ್ತಾರೆ. ವಿಚಿತ್ರ ಅಂದರೆ, ಭಜನೆಯಲ್ಲಿ ಕಲಿತ ದಾಸರ ಪದ ಶುರು ಮಾಡಿದರೆ ಪಲ್ಲವಿ ಪೂರ್ತಿ ಹಾಡುತ್ತಾರೆ! ಸಿನಿಮಾ ಹಾಡಿಗೆ ಮಾತ್ರ ಮುಖ ತಿರುಗಿಸುತ್ತಾರೆ.

ವಾರಕ್ಕೊಮ್ಮೆ ಸ್ಪೀಚ್ ಥೆರಪಿ ಇದೆ. ಜೊತೆಗೆ, 1973ರಲ್ಲಿ ಬಾಸ್ಟನ್‌ನ ತಜ್ಞರು ವಿವರಿಸಿದ ಮೆಲೋಡಿಕ್ ಇಂಟೋನೇಷನ್ ಥೆರಪಿ (ರಾಗವಾಗಿ ಹೇಳಿಸುತ್ತಾ ಮಾತು ಮರಳಿ ತರಿಸುವ ವಿಧಾನ) ಬಗ್ಗೆ ಓದಿ, ಎಡಗೈ ತಟ್ಟಿಸುತ್ತಾ 'ನೀರು ಬೇಕು' ಅಂತ ರಾಗವಾಗಿ ಹೇಳಿಸುತ್ತಿದ್ದೇನೆ. ನನ್ನ ಜೊತೆ ಹೇಳುತ್ತಾರೆ. ನಾನು ನಿಲ್ಲಿಸಿದರೆ ಅವರೂ ಸುಮ್ಮನಾಗುತ್ತಾರೆ.

ಗೊಂದಲ ಇರೋದು ಇಲ್ಲಿ. ಈ ಥೆರಪಿಯನ್ನು ಇಂಗ್ಲಿಷಿನಲ್ಲಿ ಮಾಡಿಸುವಾಗ ಒತ್ತಿ ಹೇಳುವ ಅಕ್ಷರಕ್ಕೆ ಸ್ವರ ಏರಿಸುತ್ತಾರೆ. ಕನ್ನಡದಲ್ಲಿ ಅಂಥ ಒತ್ತು ಅಷ್ಟಾಗಿ ಇಲ್ಲ, ಅಲ್ವಾ? ಇದನ್ನು ಕನ್ನಡದಲ್ಲಿ ಮಾಡಿಸಿದವರು ದಯವಿಟ್ಟು ಹೇಳಿ: ದೀರ್ಘಾಕ್ಷರಕ್ಕೆ ಸ್ವರ ಏರಿಸಬೇಕೇ, ಇಲ್ಲಾ ಅವರಿಗೆ ಗೊತ್ತಿರುವ ದಾಸರ ಪದದ ಧಾಟಿಗೇ ಮಾತು ಕೂರಿಸಬೇಕೇ?